‘ಬಿಡು’ ಅಂದರೆ ಯಾವುದನ್ನ? ಸಿಂಹಗಡದ ಬುಡದಲ್ಲಿ ನಡೆದ ಒಂದು ಬಿಲೇ ಪ್ರಕರಣ

ಡಿಸೆಂಬರಿನ ಒಂದು ಭಾನುವಾರ ಬೆಳಗ್ಗೆ, ಪುಣೆ ಹತ್ತಿರದ ಸಿಂಹಗಡ ಕೋಟೆಯ ಬುಡದಲ್ಲಿರುವ ಕಪ್ಪು ಬಂಡೆಯೊಂದನ್ನು ಹಗ್ಗ ಕಟ್ಟಿಕೊಂಡು ಹತ್ತಿ ಇಳಿಯುವಾಗ ನಾನು ಸುಮಾರು ಆರು ಮೀಟರ್ ಜರ್ರನೆ ಕೆಳಗೆ ಬಂದೆ. ನೆಲಕ್ಕೆ ಇನ್ನೆರಡು ಮೀಟರ್ ಇರುವಾಗ ಹಗ್ಗ ಕಚ್ಚಿ ನಿಂತಿತು. ಎಡಗಾಲಿನ ಹಿಮ್ಮಡಿಯ ಹತ್ತಿರ ಚರ್ಮ ಕಿತ್ತುಹೋಯಿತು, ಅಷ್ಟೇ. ಹಗ್ಗ ಹೊಸದು. ಸೊಂಟಕ್ಕೆ ಕಟ್ಟುವ ಪಟ್ಟಿ, ಅಂದರೆ ಹಾರ್ನೆಸ್ ಸರಿ ಇತ್ತು, ಗಂಟು ಸರಿ ಇತ್ತು. ಕೆಳಗೆ ಹಗ್ಗ ಹಿಡಿದಿದ್ದ ವೈನಿಯ (ಅಣ್ಣನ ಹೆಂಡತಿಯ) ಸೊಂಟಕ್ಕೆ ಇದ್ದದ್ದು, ಬಿದ್ದವರನ್ನು ತಾನೂ ಕಚ್ಚಿ ಹಿಡಿಯಲಿ ಅಂತ ನಾವು ಒಂದು ತಿಂಗಳು ತಲೆ ಕೆಡಿಸಿಕೊಂಡು ಕೊಂಡ ಸಾಧನ. ಅದೂ ಸರಿ ಇತ್ತು.

ಎಲ್ಲ ಸರಿ ಇದ್ದೂ ಇದು ಹೇಗಾಯಿತು ಅಂತ ನಾವು ಮೂವರೂ ಕೂತು ಹಿಂದಿನಿಂದ ಬಿಡಿಸುತ್ತ ಬಂದೆವು. ಅದನ್ನೇ ಇಲ್ಲಿ ಬರೆದಿದ್ದೇನೆ. ಕೊಂಡ ಸಾಧನದ ಹೆಸರು ಹೇಳುವುದಿಲ್ಲ. ತಪ್ಪು ಅದರದ್ದಲ್ಲ, ನಮ್ಮದು. ಅದರಲ್ಲೂ ಜಾಸ್ತಿ ಪಾಲು ನನ್ನದು.

ಯಾರು, ಯಾರ ಹಗ್ಗ

ನಾವು ಧಾರವಾಡದ ಕಡೆಯವರು. ಅಣ್ಣನ ಮನೆ, ನಮ್ಮ ಮನೆ ಎರಡೂ ಪುಣೆಯ ಕೋಥ್ರೂಡ್‌ನಲ್ಲಿ. ಬಂಡೆ ಹತ್ತುವ ಹುಚ್ಚು ಮೊದಲು ಹಿಡಿದದ್ದು ಅಣ್ಣನ ಮಗನಿಗೆ. ಹದಿನಾರು ವರ್ಷ, 58 ಕೆ.ಜಿ. ಅವನನ್ನು ಕೃತಕ ಗೋಡೆಗೆ ಬಿಟ್ಟು ಬರಲು ಹೋಗುತ್ತಿದ್ದ ವೈನಿ ಒಂದು ದಿನ ತಾವೇ ಬಾಡಿಗೆ ಶೂ ಹಾಕಿಕೊಂಡರು. ಅವರಿಗೆ 45, ತೂಕ 50 ಕೆ.ಜಿ. ನನಗೆ 41, ತೂಕ 79. ಈ 29 ಕೆ.ಜಿ. ಅಂತರ ನೆನಪಿರಲಿ. ವೈನಿ ಎಡಗೈಯವರು ಅನ್ನೋದೂ ನೆನಪಿರಲಿ. ನಾನು ಮರೆತದ್ದು ಇವೆರಡನ್ನೇ.

ಗೊತ್ತಿಲ್ಲದವರಿಗೆ ಒಂದು ಮಾತು. ಮೇಲೆ ಹತ್ತುವವರ ಹಗ್ಗವನ್ನು ಕೆಳಗಿನವರು ನೋಡಿಕೊಳ್ಳುವುದಕ್ಕೆ ಬಿಲೇ ಅನ್ನುತ್ತಾರೆ. ಬೇಕಾದಾಗ ಹಗ್ಗ ಬಿಡಬೇಕು, ಬಿದ್ದರೆ ಹಿಡಿಯಬೇಕು, ಮುಗಿದ ಮೇಲೆ ಮೆಲ್ಲಗೆ ಇಳಿಸಬೇಕು. ಹಗ್ಗ ಬಿಲೇ ಮಾಡುವವರ ಹಾರ್ನೆಸ್ಸಿಗೆ ಸಿಕ್ಕಿಸಿದ ಸಾಧನದ ಮೂಲಕ ಹಾದು ಹೋಗುತ್ತದೆ. ಅದರ ಒಂದು ಬದಿ ಹತ್ತುವವರ ಕಡೆ, ಇನ್ನೊಂದು ಬದಿ ಹಗ್ಗ ತಡೆಯುವ ಕೈ, ಅಂದರೆ ಬ್ರೇಕ್ ಕೈಯ ಕಡೆ. ಬ್ರೇಕ್ ಕೈ ಹಗ್ಗ ಬಿಡುವ ಹಾಗೇ ಇಲ್ಲ.

ವೈನಿಗೆ ಇದು ಬೇಗ ಒಗ್ಗಿತು. ಅವರ ತವರು ಕಲಘಟಗಿ ಕಡೆಯ ಹಳ್ಳಿ. ಸಣ್ಣವರಿದ್ದಾಗ ಗಡಗಡಿ ಇದ್ದ ಬಾವಿಯಿಂದ ನೀರು ಸೇದಿದವರು. ತುಂಬಿದ ಕೊಡ ಜಾರಿದರೆ ಕೈ ತಾನಾಗಿ ಹಗ್ಗವನ್ನು ಬಿಗಿ ಹಿಡಿಯುತ್ತದೆ. “ಕೊಡ ಹೋದ್ರ ಹೋಗ್ಲಿ, ಹಗ್ಗ ಬಿಡಬ್ಯಾಡ ಅಂತಿದ್ಲು ನಮ್ಮವ್ವ” ಅಂತ ಮೊದಲ ದಿನವೇ ಹೇಳಿದ್ದರು. ಬಿಲೇ ಕಲಿಸುವವರು ಇದಕ್ಕಿಂತ ಜಾಸ್ತಿ ಏನೂ ಹೇಳಬೇಕಿಲ್ಲ ಅನಿಸಿತ್ತು ನನಗೆ.

ಅಂಗೈ ಸುಟ್ಟ ದಿನ

ಮೊದಲ ಆರು ತಿಂಗಳು ನಮ್ಮಲ್ಲಿ ಇದ್ದದ್ದು ಟ್ಯೂಬ್. ಎರಡು ತೂತಿನ ಸಣ್ಣ ಲೋಹದ ತುಂಡು ಅದು. ಹಗ್ಗ ಮಡಚಿ ಒಳಗೆ ಹೋಗಿ ಕ್ಯಾರಬಿನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ) ಸುತ್ತಿ ಹೊರಗೆ ಬರುತ್ತದೆ. ಬ್ರೇಕ್ ಕಡೆಯ ಹಗ್ಗವನ್ನು ಕೆಳಕ್ಕೆ ಎಳೆದು ಹಿಡಿದರೆ ಘರ್ಷಣೆಗೆ ಹಗ್ಗ ನಿಲ್ಲುತ್ತದೆ. ಕೈ ಸಡಿಲವಾದರೆ ಆ ಲೋಹ ಸುಮ್ನೆ ನೋಡುತ್ತಿರುತ್ತದೆ.

ಒಂದು ಸಂಜೆ ಕೃತಕ ಗೋಡೆಯಲ್ಲಿ ನಾನು ಲೀಡ್ ಮಾಡುತ್ತಿದ್ದೆ. ಅಂದರೆ ಹಗ್ಗ ಮೇಲಿಂದ ಬಂದಿರುವುದಿಲ್ಲ, ನಾನೇ ಹತ್ತುತ್ತ, ಗೋಡೆಗೆ ಜಡಿದ ಒಂದೊಂದು ಬೋಲ್ಟಿನಲ್ಲಿ ನೇತಾಡುವ ಜೋಡಿ ಕೊಂಡಿಗೆ, ಅಂದರೆ ಕ್ವಿಕ್‌ಡ್ರಾಗೆ ಅದನ್ನು ಸಿಕ್ಕಿಸುತ್ತ ಹೋಗಬೇಕು. ಐದನೆಯದನ್ನು ದಾಟಿ ಕೈ ಜಾರಿತು. ವೈನಿ ನೆಲ ಬಿಟ್ಟು ಆಳೆತ್ತರ ಮೇಲೆ ಬಂದರು. ಟ್ಯೂಬಿನೊಳಗೆ ಹಗ್ಗ ಒಂದಿಷ್ಟು ಜಾರಿ, ಅವರ ಎಡ ಅಂಗೈ ಸುಟ್ಟಿತು. ಆದರೂ ಹಗ್ಗ ಬಿಡಲಿಲ್ಲ. ಕೆಳಗೆ ಬಂದಾಗ ಕೈ ಬಿಚ್ಚಿ ತೋರಿಸಿದರು. ಕಾವಲಿ ತಾಗಿದ ಹಾಗೆ ಒಂದು ಕೆಂಪು ಗೆರೆ.

ಅವತ್ತೇ ತೀರ್ಮಾನ ಆಯಿತು. ಕೈಯ ಜೊತೆ ತಾನೂ ಕಚ್ಚುವ ಸಾಧನ ಬೇಕು.

ಕೊಳ್ಳುವಾಗ ಕೇಳಿದ ಪ್ರಶ್ನೆ

ಈ ಅಸಿಸ್ಟೆಡ್ ಬ್ರೇಕಿಂಗ್ ಸಾಧನಗಳಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಪೆಟ್ಜಲ್‌ನ ಗ್ರಿಗ್ರಿ. ಬಂದದ್ದು 1991ರಲ್ಲಿ. ಗ್ರಿಗ್ರಿ ಅನ್ನೋ ಪದಕ್ಕೆ ಪಶ್ಚಿಮ ಆಫ್ರಿಕಾದ ಕಡೆ ತಾಯತ ಅನ್ನೋ ಅರ್ಥ ಇದೆ. ಇದನ್ನು ಕೇಳಿ ವೈನಿ ನಕ್ಕರು. ಆಮೇಲೆ ಯೋಚಿಸಿದರೆ, ನಾನು ಆ ಸಾಧನವನ್ನು ಹುಡುಕುತ್ತಿದ್ದದ್ದೂ ತಾಯತ ಹುಡುಕುವ ಹಾಗೆಯೇ. ಕಟ್ಟಿಕೊಂಡರೆ ಸಾಕು, ಕಾಯುತ್ತದೆ ಅಂತ.

ಈ ಗುಂಪಿನಲ್ಲಿ ಎರಡು ಜಾತಿ. ಒಂದರ ಒಳಗೆ ಕ್ಯಾಮ್ ಅನ್ನೋ ತಿರುಗುವ ತುಂಡು ಇರುತ್ತದೆ. ಹಗ್ಗ ಮೆಲ್ಲಗೆ ಹೋದರೆ ಬಿಡುತ್ತದೆ, ಜಗ್ಗಿದರೆ ಕ್ಯಾಮ್ ತಿರುಗಿ ಹಗ್ಗವನ್ನು ಅದುಮುತ್ತದೆ. ಕಾರಿನ ಸೀಟ್ ಬೆಲ್ಟ್ ಫಕ್ಕನೆ ಎಳೆದರೆ ಹಿಡಿದುಕೊಳ್ಳುತ್ತದಲ್ವಾ, ನೋಡಲು ಹಾಗೆಯೇ. ಇಳಿಸಲು ಒಂದು ಹಿಡಿಕೆ ಇರುತ್ತದೆ. ಅದನ್ನು ಎಳೆದರೆ ಕ್ಯಾಮ್ ಹಗ್ಗವನ್ನು ಬಿಡುತ್ತದೆ. ಇನ್ನೊಂದು ಜಾತಿಯಲ್ಲಿ ಒಳಗೆ ಚಲಿಸುವ ಭಾಗವೇ ಇಲ್ಲ. ಟ್ಯೂಬಿನ ತಮ್ಮ ಇದ್ದ ಹಾಗೆ. ಭಾರ ಬಿದ್ದಾಗ ಕ್ಯಾರಬಿನರ್ ಒಂದು ಸಂದಿಗೆ ಜಾರಿ ಹಗ್ಗವನ್ನು ಸಾಧನಕ್ಕೆ ಒತ್ತಿ ಹಿಡಿಯುತ್ತದೆ. ಮ್ಯಾಮಟ್‌ನ ಸ್ಮಾರ್ಟ್, ಎಡೆಲ್‌ರಿಡ್‌ನ ಜೂಲ್ ಸಾಲಿನವು ಈ ಜಾತಿ. ಇವಕ್ಕೆ ಹಗ್ಗದ ದಪ್ಪವೂ ಕ್ಯಾರಬಿನರಿನ ಆಕಾರವೂ ಹೊಂದಬೇಕು. ಸಿಕ್ಕ ಕ್ಯಾರಬಿನರ್ ಹಾಕಿದರೆ ಕಚ್ಚುವುದರ ಭರವಸೆ ಇಲ್ಲ.

ಯುರೋಪಿನ ಇಎನ್ 15151 ಮಾನದಂಡದ ಮೊದಲ ಭಾಗ ಕಚ್ಚಲು ನೆರವಾಗುವ ಸಾಧನಗಳಿಗೆ, ಎರಡನೆಯದು ಟ್ಯೂಬಿನಂಥವಕ್ಕೆ. ಮೊದಲ ಭಾಗದ ಹೆಸರಿನಲ್ಲೇ ಕೈಯ ಮಾತು ಇದೆ. ಯಾವುದನ್ನೂ ಪೂರಾ ಆಟೊಮ್ಯಾಟಿಕ್ ಅಂತ ಕರೆದಿಲ್ಲ. ಜರ್ಮನಿಯ ಆಲ್ಪೈನ್ ಕ್ಲಬ್ 2015ರಿಂದ ಟ್ಯೂಬ್ ಬದಲು ಈ ಬಗೆಯವನ್ನೇ ಬಳಸಿ ಅಂತ ಸಲಹೆ ಕೊಡುತ್ತಿದೆ. ಅವರೂ ಇವನ್ನು ಕರೆಯುವುದು ಅರೆ ಆಟೊಮ್ಯಾಟ್ ಅಂತ. ಇದನ್ನೆಲ್ಲ ಓದಿದ್ದೆ. ಓದಿ, ‘ಬಿದ್ದಾಗ ಯಾವುದು ಚೆನ್ನಾಗಿ ಹಿಡಿಯುತ್ತದೆ’ ಅನ್ನೋ ಒಂದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಕೂತೆ.

ಗೆಳೆಯರೊಬ್ಬರು ಮೂರು ಸಾಧನ ತಂದುಕೊಟ್ಟರು. ಗೋಡೆಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ಆಡಿಸಿ ನೋಡಿದೆವು. ನಮ್ಮ ಹಗ್ಗ 9.8 ಮಿ.ಮೀ., 60 ಮೀಟರ್. ಮೂರಕ್ಕೂ ಹೊಂದುವ ದಪ್ಪ ಅದು. ಹಗ್ಗದ ದಪ್ಪ ಮೊದಲು ನೋಡಲೇಬೇಕು. ಈಗಿನ ಗ್ರಿಗ್ರಿ 8.5ರಿಂದ 11 ಮಿ.ಮೀ. ವರೆಗೆ ತೆಗೆದುಕೊಳ್ಳುತ್ತದೆ. ಮೊದಮೊದಲಿನವು ದಪ್ಪ ಹಗ್ಗಕ್ಕೆ ಮಾಡಿದವು. ಹಳೆಯದನ್ನು ಸೆಕೆಂಡ್‌ಹ್ಯಾಂಡ್ ಕೊಂಡು ತೆಳು ಹಗ್ಗ ಹಾಕುವವರಿದ್ದಾರೆ. ಮಾಡಬೇಡಿ.

ವೈನಿಗೆ ಇಷ್ಟವಾದದ್ದು ಕ್ಯಾಮ್ ಇಲ್ಲದ್ದು. ಎಡಗೈಯಲ್ಲೂ ಹಿಡಿಯಬಹುದು, ಟ್ಯೂಬಿನ ಕೈ ಚಲನೆಯೇ ಸಾಕು. ಕ್ಯಾಮ್ ಜಾತಿಯವು ಹೆಚ್ಚಾಗಿ ಬಲಗೈ ಬ್ರೇಕ್ ಅಂತ ಮಾಡಿದವು. ಎಡಗೈಯವರೂ ಬಲಗೈಯಲ್ಲೇ ಬ್ರೇಕ್ ಹಿಡಿದು ಕಲಿಯಬೇಕು ಅನ್ನುವುದು ತಯಾರಕರ ಸೂಚನೆ. “ರೂಢಿ ಆಗ್ತದ ವೈನಿ” ಅಂದೆ ನಾನು. ಇನ್ನೊಂದರಲ್ಲಿ ಹಿಡಿಕೆ ಅತಿಯಾಗಿ ಎಳೆದರೆ ತಾನೇ ಮತ್ತೆ ಕಚ್ಚುವ ವ್ಯವಸ್ಥೆ ಇತ್ತು. ಗಾಬರಿ ತಡೆಯುವ ಹಿಡಿಕೆ ಅನ್ನಬಹುದು. ಹಗುರ ಮಂದಿಯನ್ನು ಇಳಿಸುವಾಗ ಅದು ಪದೇ ಪದೇ ಕಚ್ಚಿ ನಿಂತು, ಅಣ್ಣನ ಮಗ ಬುಗರಿಯ ಹಾಗೆ ಜೋಲಾಡಿದ. ಬೆಲೆಯೂ ಜಾಸ್ತಿ. “ಇದು ಹೊಸಬರಿಗೆ” ಅಂತ ಪಕ್ಕಕ್ಕಿಟ್ಟೆ.

ಕೊನೆಗೆ ಕೊಂಡದ್ದು ಸಾದಾ ಹಿಡಿಕೆಯ ಕ್ಯಾಮ್ ಸಾಧನ.

ಕಲಿತದ್ದು ಅರ್ಧ

ಆರು ವಾರ ಅಭ್ಯಾಸ ಮಾಡಿದೆವು. ಈ ಸಾಧನದಲ್ಲಿ ಎಲ್ಲರೂ ಎಚ್ಚರಿಸುವ ತಪ್ಪು ಹಗ್ಗ ಬಿಡುವಾಗ ಆಗುವಂಥದ್ದು. ಲೀಡ್ ಮಾಡುವವರು ಫಕ್ಕನೆ ಹಗ್ಗ ಎಳೆದರೆ ಕ್ಯಾಮ್ ಕಚ್ಚುತ್ತದೆ. ಅದನ್ನು ತಪ್ಪಿಸಲು ಜನ ಕ್ಯಾಮ್ ಮೇಲೆ ಹೆಬ್ಬೆರಳು ಒತ್ತಿ ಇಟ್ಟುಬಿಡುತ್ತಾರೆ. ಆ ಹೊತ್ತಿಗೇ ಬಿದ್ದರೆ ಸಾಧನ ಕಚ್ಚುವುದೇ ಇಲ್ಲ. ಸರಿಯಾದ ರೀತಿ ಹೀಗೆ: ಬ್ರೇಕ್ ಕೈಯ ತೋರುಬೆರಳು ಸಾಧನದ ಅಂಚಿನ ಕೆಳಗೆ, ಹೆಬ್ಬೆರಳು ಕ್ಯಾಮ್ ಮೇಲೆ ಒಂದು ಕ್ಷಣ, ಉಳಿದ ಬೆರಳುಗಳು ಹಗ್ಗವನ್ನು ಹಿಡಿದೇ ಇರಬೇಕು. ಹಗ್ಗ ಕೊಟ್ಟ ತಕ್ಷಣ ಹೆಬ್ಬೆರಳು ತೆಗೆಯಬೇಕು. ವೈನಿ ಇದನ್ನು ನನಗಿಂತ ಚೆನ್ನಾಗಿ ಕಲಿತರು.

ಹಗ್ಗ ಉಲ್ಟಾ ಹಾಕುವ ತಪ್ಪೂ ಇದೆ. ಸಾಧನದ ಮೇಲೆ ಹತ್ತುವವರ ಚಿತ್ರ ಒಂದು ಕಡೆ, ಕೈಯ ಚಿತ್ರ ಇನ್ನೊಂದು ಕಡೆ ಕೆತ್ತಿರುತ್ತಾರೆ. ಆದರೂ ಪ್ರತಿ ಸಲ ಹತ್ತುವ ಮೊದಲು ಹತ್ತುವವರ ಕಡೆಯ ಹಗ್ಗ ಜೋರಾಗಿ ಜಗ್ಗಿ ನೋಡುತ್ತಿದ್ದೆವು. ಕಚ್ಚಿದರೆ ಸರಿ.

ಇಳಿಸುವುದನ್ನು ಮಾತ್ರ ಯಾರೂ ಪಾಠ ಅಂದುಕೊಳ್ಳಲೇ ಇಲ್ಲ. ಹಿಡಿಕೆ ಎಳೆದರೆ ಇಳಿಯುತ್ತಾರೆ, ಅದರಲ್ಲೇನಿದೆ? ಅಭ್ಯಾಸ ಎಲ್ಲ ನಡೆದದ್ದು ಗೋಡೆಯಲ್ಲಿ, ಮೇಲಿಂದ ಬಂದ ಹಗ್ಗದಲ್ಲಿ, 58 ಕೆ.ಜಿ. ಹುಡುಗನನ್ನು ಇಳಿಸುತ್ತ. ಆ ಗೋಡೆಯ ತುದಿಯಲ್ಲಿ ಹಗ್ಗವನ್ನು ದಪ್ಪ ಕೊಳವೆಗೆ ಸುತ್ತಿರುತ್ತಾರೆ. ಅರ್ಧ ಭಾರವನ್ನು ಆ ಕೊಳವೆಯ ಘರ್ಷಣೆಯೇ ನುಂಗುತ್ತಿತ್ತು. ವೈನಿ ಹಿಡಿಕೆಯನ್ನು ನಲ್ಲಿಯ ಹಾಗೆ ಬಳಸುತ್ತಿದ್ದರು. ಸ್ವಲ್ಪ ತಿರುಗಿಸಿದರೆ ಮೆಲ್ಲಗೆ, ಜಾಸ್ತಿ ತಿರುಗಿಸಿದರೆ ಜೋರು. ಅಲ್ಲಿ ಅದು ನಡೆಯಿತು.

ಆ ಬೆಳಗ್ಗೆ

ಸಿಂಹಗಡ ಅಂದರೆ ಪುಣೆಯವರಿಗೆ ತಾನಾಜಿ ಮಾಲುಸರೆ. 1670ರಲ್ಲಿ ರಾತ್ರಿ ಕಡಿದಾದ ಕಡೆಯಿಂದ ಹತ್ತಿ ಕೋಟೆ ಗೆದ್ದವನು, ಅಲ್ಲೇ ಸತ್ತವನು. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಬಂಡೆಗೆ ಏರಿಸಿದ ಅನ್ನೋ ಕಥೆ ಅವನ ಜೊತೆ ಬೆಳೆದಿದೆ. ಇತಿಹಾಸ ಬಲ್ಲವರು ತಲೆ ಆಡಿಸುತ್ತಾರೆ, ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ನಮ್ಮಲ್ಲೂ ಉಡದ ಪಟ್ಟು ಅನ್ನುತ್ತೇವಲ್ಲ. ಹಿಡಿದರೆ ಹಿಡಿಯಿತು, ಬಿಡುವ ಮಾತಿಲ್ಲ. ದಾರಿಯಲ್ಲಿ ಕಾರಿನೊಳಗೆ ಇದೇ ಹರಟೆ.

ಬಂಡೆ ಸುಮಾರು 18 ಮೀಟರ್ ಎತ್ತರ. ಸಹ್ಯಾದ್ರಿಯ ಕಪ್ಪು ಬಸಾಲ್ಟ್, ಮಳೆಗಾಲ ಕಳೆದು ಒಣಗಿತ್ತು. ತುದಿಯಲ್ಲಿ ಹಗ್ಗ ಹಾಯಿಸಲು ಎರಡು ಬೋಲ್ಟಿನ ಆಂಕರ್. ನಾನು ಲೀಡ್ ಮಾಡಿ ತುದಿ ಮುಟ್ಟಿದೆ. ಹಗ್ಗವನ್ನು ಆಂಕರಿಗೆ ಹಾಕಿ “ಜಗ್ರಿ” ಅಂದೆ. ವೈನಿ ಬಿಗಿ ಮಾಡಿದರು. “ಇಳಸ್ರಿ.” ಮೊದಲ ಹತ್ತು ಮೀಟರ್ ಚೆನ್ನಾಗಿಯೇ ಇಳಿದೆ. ದಾರಿಯಲ್ಲಿ ಕ್ವಿಕ್‌ಡ್ರಾಗಳನ್ನು ಬಿಚ್ಚಿಕೊಳ್ಳುತ್ತ ಬಂದೆ. ಒಂದೊಂದು ಬಿಚ್ಚಿದ ಹಾಗೆ ಹಗ್ಗದ ತಿರುವು ಕಡಿಮೆ, ಘರ್ಷಣೆ ಕಡಿಮೆ. ವೈನಿಯ ಕೈಗೆ ಬರುವ ಭಾರ ಹೆಚ್ಚುತ್ತ ಹೋಯಿತು. ನನಗೆ ಅದರ ಲೆಕ್ಕ ಇರಲಿಲ್ಲ.

ಎಂಟು ಮೀಟರ್ ಎತ್ತರದಲ್ಲಿ ವೇಗ ಒಮ್ಮೆಲೇ ಏರಿತು. ವೈನಿ ಬೆದರಿದರು. ಬೆದರಿದ ಕೈ ಏನು ಮಾಡುತ್ತದೆ? ಬಿಗಿ ಹಿಡಿಯುತ್ತದೆ. ಬಾವಿಯ ಹಗ್ಗ ಹಿಡಿದು ಬೆಳೆದ ಎಡಗೈ, ಅವರ ಬಲವಾದ ಕೈ, ಆ ಕ್ಷಣ ಇದ್ದದ್ದು ಹಿಡಿಕೆಯ ಮೇಲೆ. ಹಿಡಿಕೆ ಪೂರ್ತಿ ಹಿಂದಕ್ಕೆ ಬಂತು, ಕ್ಯಾಮ್ ಪೂರ್ತಿ ತೆರೆಯಿತು. ಬಲಗೈಯೊಳಗೆ ಹಗ್ಗ ಇತ್ತು, ಆದರೆ ಸಡಿಲ. ನಲ್ಲಿ ಇರುವಾಗ ಆ ಕೈಗೆ ಕೆಲಸವೇ ಇರಲಿಲ್ಲವಲ್ಲ, ಅಷ್ಟು ದಿನ.

ಅಣ್ಣನ ಮಗ ಪಕ್ಕದಲ್ಲಿ ಹಗ್ಗದ ಸುರುಳಿ ಬಿಡಿಸುತ್ತಿದ್ದ. “ಅವ್ವಾ, ಬಿಡು! ಬಿಡು!” ಅಂತ ಕೂಗಿದ. ಮನೆಯಲ್ಲಿ ಅವನು ಮಮ್ಮಿ ಅನ್ನೋ ಹುಡುಗ. ಅವನು ಹೇಳಿದ್ದು ಹಿಡಿಕೆ ಬಿಡು ಅಂತ. ನಮ್ಮ ಮಾತಿನಲ್ಲಿ ಬಿಲೇ ಮಾಡುವಾಗ ಬಿಡು ಅಂದರೆ ಹಗ್ಗ ಬಿಡು. ವೈನಿಗೆ ಕೇಳಿಸಿದ್ದು ಅದೇ. ಬೀಳುತ್ತಿರುವ ಮೈದುನನ ಹಗ್ಗ ಬಿಡು ಅಂದರೆ ಯಾರು ಬಿಡುತ್ತಾರೆ? ಇನ್ನೂ ಬಿಗಿ ಹಿಡಿದರು. ಹಿಡಿಕೆಯನ್ನು.

ಹುಡುಗ ಎರಡೂ ಕೈಯಲ್ಲಿ ಬ್ರೇಕ್ ಕಡೆಯ ಹಗ್ಗ ಹಿಡಿದು ಕೆಳಕ್ಕೆ ಜೋತುಬಿದ್ದ. ವೇಗ ತಗ್ಗಿತು. ಆ ಜಗ್ಗಾಟಕ್ಕೆ ವೈನಿ ಎಡವಿ ಮುಂದಕ್ಕೆ ಬಂದರು, ಹಿಡಿಕೆ ಕೈಯಿಂದ ಜಾರಿತು. ಕ್ಯಾಮ್ ಕಟ್ ಅಂತ ಕಚ್ಚಿತು. ಎಲ್ಲ ಸೇರಿ ಎರಡು ಸೆಕೆಂಡು ಇರಬಹುದು.

ಯಾರೂ ಮಾತಾಡಲಿಲ್ಲ. ನಾನು ಎರಡು ಮೀಟರ್ ಮೇಲೆ ತೊಟ್ಟಿಲಿನ ಹಾಗೆ ತೂಗುತ್ತಿದ್ದೆ. ಹುಡುಗನೇ ಸಾಧನದ ಹತ್ತಿರ ಹೋಗಿ, ಅವ್ವನ ಬಲಗೈ ಮೇಲೆ ತನ್ನ ಕೈ ಇಟ್ಟು, ಮೆಲ್ಲಗೆ ಇಳಿಸಿದ. ಆಮೇಲೆ ಕೋಟೆ ಮೇಲೆ ಹೋಗಿ ಪಿಠಲ ಭಾಕರಿ ತರಿಸಿದೆವು. ನಮ್ಮ ಝುಣಕ ರೊಟ್ಟಿಯ ಹತ್ತಿರದ ನೆಂಟ ಅದು. ವೈನಿ ಮುಟ್ಟಲಿಲ್ಲ. ಕುಡಿಕೆಯ ಮೊಸರು ಮಾತ್ರ ಎರಡು ಚಮಚ ತಿಂದರು.

ಬಿಡಿಸಿ ನೋಡಿದಾಗ

ಟ್ಯೂಬಿನಲ್ಲಿ ಗಾಬರಿಯ ಬಿಗಿ ಹಿಡಿತವೇ ಕಾಪಾಡುತ್ತದೆ, ಯಾಕೆಂದರೆ ಹಿಡಿಯಲು ಅಲ್ಲಿ ಹಗ್ಗ ಒಂದೇ ಇದೆ. ಹಿಡಿಕೆ ಇರುವ ಸಾಧನದಲ್ಲಿ ಹಿಡಿಯಲು ಎರಡು ವಸ್ತು. ಒಂದನ್ನು ಬಿಗಿ ಹಿಡಿದರೆ ನಿಲ್ಲುತ್ತದೆ, ಇನ್ನೊಂದನ್ನು ಬಿಗಿ ಹಿಡಿದರೆ ಓಡುತ್ತದೆ. ವೈನಿ ಉಡದ ಪಟ್ಟು ಹಿಡಿದರು. ಅವರ ಬಲವಾದ ಕೈಯನ್ನು ಓಡಿಸುವ ವಸ್ತುವಿನ ಮೇಲೆ ಇಟ್ಟವನು ನಾನು.

ಬೀಳುವಾಗ ಏನಾಗುತ್ತದೆ ಅಂತ ಮಾತ್ರ ಯೋಚಿಸಿ ಸಾಧನ ಆರಿಸಿದ್ದೆ. ಕೈ ಸುಟ್ಟದ್ದು ಬಿದ್ದಾಗ ಅಲ್ವಾ, ಅದಕ್ಕೆ. ಆದರೆ ಒಂದು ಬೆಳಗ್ಗೆಗೆ ನಾವು ಬೀಳುವುದು ಒಮ್ಮೆಯೋ ಎರಡು ಸಲವೋ. ಇಳಿಯುವುದು ಪ್ರತಿ ಸಲ. ಗಾಬರಿ ತಡೆಯುವ ಹಿಡಿಕೆಯನ್ನು ಹೊಸಬರಿಗೆ ಅಂತ ಬದಿಗಿಟ್ಟೆ. ಇಳಿಸುವುದರಲ್ಲಿ ನಾವೆಲ್ಲ ಹೊಸಬರೇ ಇದ್ದೆವು.

ಇಳಿಸುವ ಸರಿಯಾದ ರೀತಿ ಗೊತ್ತಿಲ್ಲದ್ದೇನೂ ಅಲ್ಲ. ಸಾಧನದ ಜೊತೆ ಬಂದ ಹಾಳೆಯಲ್ಲೇ ಚಿತ್ರ ಸಮೇತ ಇತ್ತು. ವೇಗ ಹಿಡಿಯುವುದು ಬ್ರೇಕ್ ಕೈ. ಹಿಡಿಕೆ ಬರೀ ಬಾಗಿಲು ತೆರೆಯುತ್ತದೆ. ಮೊದಲು ಬ್ರೇಕ್ ಕೈ ಬಿಗಿಯಾಗಿ ಸೊಂಟದ ಬದಿಗೆ ತರಬೇಕು, ಆಮೇಲೆ ಹಿಡಿಕೆ ತೆರೆಯಬೇಕು, ಆಮೇಲೆ ಬ್ರೇಕ್ ಕೈಯೊಳಗಿಂದ ಹಗ್ಗ ಬಿಡುತ್ತ ಹೋಗಬೇಕು. ಏನಾದರೂ ಅನುಮಾನ ಬಂದರೆ ಹಿಡಿಕೆ ಬಿಟ್ಟು ಹಗ್ಗ ಹಿಡಿಯಬೇಕು. ಆ ಹಾಳೆಯನ್ನು ನಾನು ಮಡಚಿ ಡ್ರಾಯರಿನಲ್ಲಿ ಇಟ್ಟಿದ್ದೆ.

ಇನ್ನೊಂದು ಮಾತು ತೂಕದ್ದು. ಕಚ್ಚುವ ಸಾಧನ ಅಂಗೈ ಉಳಿಸುತ್ತದೆ. ಆದರೆ 50 ಕೆ.ಜಿ.ಯವರನ್ನು 79 ಕೆ.ಜಿ. ಎತ್ತುವುದನ್ನು ತಪ್ಪಿಸುವುದಿಲ್ಲ. ಕೆಳಗಿನವರು ಹಾರಿ ಮೇಲೆ ಹೋಗಿ, ಸಾಧನ ಮೊದಲ ಕ್ವಿಕ್‌ಡ್ರಾಗೆ ಬಡಿದರೆ ಕ್ಯಾಮ್ ಬಿಚ್ಚಿಕೊಳ್ಳುವ ಸಾಧ್ಯತೆಯೂ ಇದೆ. ಇದಕ್ಕೆ ಬೇರೆಯೇ ಮದ್ದು. ಎಡೆಲ್‌ರಿಡ್‌ನ ಓಮ್ ಅನ್ನೋ ಸಾಧನವನ್ನು ಮೊದಲ ಬೋಲ್ಟಿಗೆ ಹಾಕಿದರೆ, ಬಿದ್ದಾಗ ಅಲ್ಲೇ ಹಗ್ಗ ತಿಕ್ಕಿ ಭಾರ ಕಡಿಮೆ ಆಗುತ್ತದೆ.

ಈಗ

ನಾಲ್ಕು ಬದಲಾವಣೆ ಮಾಡಿದೆವು. ವೈನಿ ಕ್ಯಾಮ್ ಇಲ್ಲದ ಜಾತಿಗೆ ಹೋದರು, ಅದಕ್ಕೆ ಹೊಂದುವ ಕ್ಯಾರಬಿನರ್ ಜೊತೆಗೆ. ಅದರಲ್ಲೂ ಸಾಧನವನ್ನು ಅತಿಯಾಗಿ ಎತ್ತಿ ಹಿಡಿದರೆ ಹಗ್ಗ ಓಡುತ್ತದೆ, ಇಳಿಸುವುದು ಸ್ವಲ್ಪ ಕುಲುಕುತ್ತದೆ ಕೂಡ. ಆದರೆ ಬ್ರೇಕ್ ಹಗ್ಗ ಈಗ ಅವರ ಎಡಗೈಯಲ್ಲಿ ಇದೆ. ಗಾಬರಿಯಾದರೆ ಬಿಗಿಯಾಗುವ ಕೈ ಅದೇ. ಕ್ಯಾಮ್ ಸಾಧನ ನನ್ನ ಬಳಿ ಬಂತು. ಎರಡನೆಯದು, ನಾನು ಹತ್ತುವಾಗ ಮೊದಲ ಬೋಲ್ಟಿಗೆ ಓಮ್ ಬೀಳುತ್ತದೆ.

ಮೂರನೆಯದು, ಹೊಸ ಸಾಧನದಲ್ಲಿ ಭಾರದ ಮಂದಿಯನ್ನು ಮೊದಲ ಹತ್ತು ಸಲ ಇಳಿಸುವಾಗ ಇನ್ನೊಬ್ಬರು ಹಿಂದೆ ನಿಂತು ಬ್ರೇಕ್ ಹಗ್ಗ ಹಿಡಿದಿರಬೇಕು. ಅವತ್ತು ಹುಡುಗ ಅಲ್ಲಿ ನಿಂತದ್ದು ಆಕಸ್ಮಿಕ. ಈಗ ಅದು ನಿಯಮ. ಹಗ್ಗ ತೆಳು, ಮಂದಿ ಭಾರ ಅನಿಸಿದರೆ ಬ್ರೇಕ್ ಹಗ್ಗವನ್ನು ಇನ್ನೊಂದು ಕ್ಯಾರಬಿನರ್ ಮೂಲಕ ಹಾಯಿಸಿ ಘರ್ಷಣೆ ಹೆಚ್ಚಿಸುತ್ತೇನೆ. ಕ್ಯಾಮ್ ಸಾಧನದಲ್ಲಿ ಇದು ಸಲೀಸು.

ನಾಲ್ಕನೆಯದಕ್ಕೆ ಜಾಸ್ತಿ ಹೊತ್ತು ಹಿಡಿಯಿತು, ಅದು ಮಾತಿನದ್ದು. ಬಿಡು ಅನ್ನೋ ಪದವನ್ನು ಬಂಡೆಯ ಹತ್ತಿರ ಪೂರ್ತಿ ನಿಲ್ಲಿಸಿದೆವು. ಹಗ್ಗ ಬೇಕಾದರೆ ‘ಸಡಲ’. ಬಿಗಿ ಬೇಕಾದರೆ ‘ಜಗ್ಗು’. ಹಿಡಿಕೆಯಿಂದ ಕೈ ತೆಗೆಯಬೇಕಾದರೆ ‘ಕೈ ತಗಿ’. ನನ್ನ ಬಾಯಲ್ಲಿ ಹಳೆಯದು ಇನ್ನೂ ಆಗಾಗ ಬರುತ್ತದೆ. ಬಂದಾಗೆಲ್ಲ ಹುಡುಗ ಹತ್ತು ರೂಪಾಯಿ ವಸೂಲು ಮಾಡುತ್ತಾನೆ.

ವೈನಿ ಎರಡು ತಿಂಗಳು ನನ್ನ ಹಗ್ಗ ಮುಟ್ಟಲಿಲ್ಲ. ಮಗನನ್ನು ಮಾತ್ರ ಇಳಿಸುತ್ತಿದ್ದರು. ಮೊನ್ನೆ ಅದೇ ಬಂಡೆಗೆ ಹೋದಾಗ ತಾವಾಗಿ ಬಂದು ಹಗ್ಗ ಹಾಕಿಕೊಂಡರು. ಹುಡುಗ ಹಿಂದೆ ನಿಂತ. ನಾನು ತುದಿಯಿಂದ “ಇಳಸ್ರಿ” ಅಂದೆ. ಎಡಗೈ ಸೊಂಟದ ಬದಿಗೆ ಹೋದದ್ದು ಮೇಲಿಂದ ಕಾಣಿಸಿತು. ಮೆಲ್ಲಗೆ, ಕುಲುಕುತ್ತ, ನೆಲದ ತನಕ. ಗಂಟು ಬಿಚ್ಚುತ್ತಿದ್ದಾಗ ವೈನಿ ನನ್ನ ಹೊಟ್ಟೆಯ ಕಡೆ ನೋಡಿ ಅಂದರು: “ನಿನ್ನ ಇಳಸೂದು ನನ್ನ ಕೆಲಸ, ಮಾಡೇನಿ. ತೂಕ ಇಳಸೂದು ಯಾರ ಕೆಲಸ?”